ದೊಡ್ಡರೋಗ ನನ್ನ ಕೊಟ್ಟಿಗೆಯಿಂದಲೇ ಹೊರಟಿತ್ತು

ಆ ಕಡಸು ಮೆಲುಕು ಹಾಕುವುದನ್ನು ನಿಲ್ಲಿಸಿ ಒಂದು ದಿನವಾಗಿತ್ತು. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದರೆ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಕೂದಲೆಲ್ಲ ಅಂಟಿಕೊಂಡಿತ್ತು. ಮೂತಿ ಒಣಗಿತ್ತು. ದವಡೆ ಹಿಡಿದು ಬಾಯಿ ಬಿಡಿಸಿದೆ. ಒಸಡಿನ ಮೇಲೆ ಬೂಸಾ ಉದುರಿಸಿದ ಹಾಗೆ ಬಿಳಿ ಬಿಳಿ ಹುಣ್ಣು, ಜೊತೆಗೊಂದು ಕೆಟ್ಟ ವಾಸನೆ. ಹುಟ್ಟಿದಾಗಿನಿಂದ ದನಗಳ ಜೊತೆ ಬೆಳೆದವನಿಗೆ ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ದೊಡ್ಡರೋಗ. ಒಂದು ದನಕ್ಕೆ ಬಂದರೆ ಊರಿನ ಕೊಟ್ಟಿಗೆಗಳನ್ನೆಲ್ಲ ಗುಡಿಸಿಕೊಂಡು ಹೋಗುವ ರೋಗ.

ಅದು ನಮ್ಮ ಮನೆಯಲ್ಲಿ ಹುಟ್ಟಿದ ಕಡಸಲ್ಲ. ಎಂಟು ದಿನದ ಹಿಂದೆ ಗಡಿಯಾಚೆಯ ಸಂತೆಯಲ್ಲಿ ಒಂದು ಜೊತೆ ಕೊಂಡು ತಂದಿದ್ದೆ. ಹೊಸ ದನ ತಂದರೆ ಹದಿನೈದು ದಿನ ಹುಣಸೆಮರದ ಕೆಳಗೆ ಬೇರೆ ಕಟ್ಟಬೇಕು, ಬೇರೆ ಮಡಕೆಯಲ್ಲಿ ನೀರು ಕುಡಿಸಬೇಕು. ನಮ್ಮಪ್ಪ ಅದನ್ನು ತಪ್ಪಿಸಿದ್ದನ್ನು ನಾನು ನೋಡಿಲ್ಲ. ನಾನು ತಪ್ಪಿಸಿದೆ. ಅವತ್ತು ಮೂರು ಊರಿನವರು ಹಾರ ಹಿಡಿದುಕೊಂಡು ಕಾಯುತ್ತಿದ್ದರು, ನನಗೆ ಪುರುಸೊತ್ತಿರಲಿಲ್ಲ. "ಮಂದೇಲಿ ಬಿಡ್ರೋ" ಎಂದು ಆಳಿಗೆ ಕೂಗಿ ಹೇಳಿ ಕಾರು ಹತ್ತಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾನು ಶಾಸಕನಾಗಿದ್ದೇ ದನದ ಸಂತೆಯಿಂದ. ಹಿಂದಿನ ವರ್ಷ ಕಾಲುಬಾಯಿ ಜ್ವರ ಬಂತೆಂದು ಅಧಿಕಾರಿಗಳು ಬಂಗಾರಪೇಟೆ ಕಡೆಯ ದನದ ಸಂತೆಗಳನ್ನೆಲ್ಲ ಮುಚ್ಚಿದಾಗ, ಅರವತ್ತು ದನಗಳ ಮಂದೆಯನ್ನು ತಾಲ್ಲೂಕು ಕಚೇರಿಯ ಮುಂದಕ್ಕೆ ಹೊಡೆದುಕೊಂಡು ಹೋಗಿ ನಿಲ್ಲಿಸಿದವನು ನಾನು. ದನಗಳು ಕಚೇರಿಯ ತೋಟ ಮೇಯ್ದವು, ಜನ ಚಪ್ಪಾಳೆ ತಟ್ಟಿದರು, ಸಂತೆ ಬಾಗಿಲು ತೆರೆಯಿತು. ಮುಂದಿನ ಚುನಾವಣೆಯಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ನಿಂತು ಗೆದ್ದೆ. ಊರೂರಿನಲ್ಲಿ ಹೇಳಿದ್ದು ಒಂದೇ ಮಾತು: "ನಾನಿರೋವರೆಗೂ ಯಾವನೂ ಸಂತೆ ಮುಚ್ಚಲ್ಲ." ಅದಾಗಿ ಆಗ ಇನ್ನೂ ನಾಲ್ಕು ತಿಂಗಳು. ದೊಡ್ಡರೋಗ ಎಂದು ಬಾಯಿಬಿಟ್ಟರೆ ಮಾರನೆಯ ದಿನವೇ ಸಂತೆ ಬಂದ್. ಬಂದ್ ಮಾಡಿಸಿದವನು ಯಾರು? ನಾನು!

ಕಡಸು ಐದನೆಯ ದಿನ ಸತ್ತಿತು. ಅದರ ಜೊತೆಯದು ಆರನೆಯ ದಿನ. ಹೊಲದ ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿಸಿ ಸುಣ್ಣ ಸುರಿದು ಮುಚ್ಚಿಸಿದೆ. ಕೇಳಿದವರಿಗೆ ಹಾವು ಕಚ್ಚಿತು ಎಂದೆ. ಎರಡು ದಿನ ಎರಡು ದನಕ್ಕೆ ಕಚ್ಚುವಂಥ ಹಾವು ಯಾವುದಪ್ಪಾ ಎಂದು ಯಾರೂ ಕೇಳಲಿಲ್ಲ. ಹೇಳಿದವನು ಎಂ.ಎಲ್.ಎ. ನೋಡಿ, ಅದಕ್ಕೆ.

ಅದರ ಮಾರನೆಯ ಬೆಳಿಗ್ಗೆ ಅಕ್ಕ ಬಂದಳು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಭಾವ ಚಿನ್ನದ ಗಣಿ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ ಊರಿಗೆ ವಾಪಸು ಬಂದು ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದಳು. ಅವಳಿಗಿದ್ದ ಆಸ್ತಿ ಕೆಂಪಿ ಎಂಬ ಒಂದು ಹಸು, ಅದರ ಒಂದು ಹೆಣ್ಣುಕರು. ಬೆಳಗಿನ ಬಸ್ಸಿಗೆ ಹಾಲಿನ ಕ್ಯಾನು ಹಾಕಿಕೊಂಡು ಹೋಗಿ ನಂದಿದುರ್ಗ ಗಣಿಯ ಲೈನುಗಳಲ್ಲಿ, ತಾನು ಒಂದು ಕಾಲಕ್ಕೆ ಸಂಸಾರ ಮಾಡಿದ ಸಾಲುಮನೆಗಳಲ್ಲೇ, ಅಳೆದು ಕೊಟ್ಟು ಬರುತ್ತಿದ್ದಳು. ಕೆಂಪಿ ಕರು ಹಾಕಿದಾಗ ಮೊದಲ ಗಿಣ್ಣುಹಾಲು ಹುತ್ತಕ್ಕೆ, ಎರಡನೆಯದು ತವರುಮನೆಗೆ, ಅಂದರೆ ನನ್ನ ಮನೆಗೆ. ಆಮೇಲೆ ಬೀದಿಗೆ. ಆ ಕ್ರಮವನ್ನು ಅವಳು ಎಂದೂ ಬಿಟ್ಟವಳಲ್ಲ.

"ಲೇ ತಮ್ಮಾ, ನಮ್ಮ ಕೆಂಪಿ ನೆನ್ನೆಯಿಂದ ಮೇವೇ ಮುಟ್ಟಿಲ್ಲ ಕಣ್ಲಾ. ಕಣ್ಣಾಗೆ ನೀರು ಸುರೀತಾ ಅದೆ. ನಿನ್ನ ಮಂದೆ ಜೊತೇಲೇ ಅಲ್ವಾ ಕೆರೇಲಿ ನೀರು ಕುಡಿಯೋದು. ನಿನ್ನ ದನಕ್ಕೇನಾದ್ರೂ ಆಗ್ಯದಾ?"

"ನಮ್ಮವೆಲ್ಲ ಸರ್ಯಾಗವೆ ಅಕ್ಕಾ. ಧೂಳು ಬಿದ್ದಿರ್ಬೇಕು. ಉಪ್ಪುನೀರಾಗೆ ಕಣ್ಣು ತೊಳಿ."

"ಅಂಗಂತೀಯ? ನೀನು ಏಳಿದ್ರೆ ಸಾಕು ಬಿಡು. ದನದ ಇಸ್ಯದಾಗೆ ನಿನ್ನ ಮಾತು ತಪ್ಪಲ್ಲ."

ಅವಳು ಸೆರಗು ಕೊಡವಿಕೊಂಡು ಹೋದಳು. ನಾನು ಕಂಬ ಹಿಡಿದುಕೊಂಡು ನಿಂತೆ. ಇಂದಿಗೂ ಯಾರಾದರೂ ನನ್ನ ಮಾತು ತಪ್ಪಲ್ಲ ಎಂದರೆ ನಾನು ಎದ್ದು ಬೇರೆ ಕಡೆ ಹೋಗುತ್ತೇನೆ.

ಅವತ್ತೇ ಬಂಗಾರಪೇಟೆಗೆ ಹೋಗಿ ದನದ ಡಾಕ್ಟರನ್ನು ಕಂಡೆ. ಗಣಿಯ ಲೈನಿನಲ್ಲಿ ಹುಟ್ಟಿ ಬೆಳೆದ ತಮಿಳರ ಮನೆಯ ಹುಡುಗ, ಸೈಕಲ್ಲಿನ ಮೇಲೆಯೇ ಹೋಬಳಿಯೆಲ್ಲ ಸುತ್ತುವವರು. ಒಂದು ಊರಿನಲ್ಲಿ ಹೀಗಂತೆ, ಯಾರದೋ ಕಡಸಂತೆ, ಎಂದು ಸುತ್ತಿ ಬಳಸಿ ಹೇಳಿದೆ. ಸೂಜಿಗಳನ್ನು ಕುದಿಸುತ್ತಿದ್ದ ಪಾತ್ರೆಯಿಂದ ಅವರು ತಲೆ ಎತ್ತಲಿಲ್ಲ.

"ಲಸಿಕೆ ಬೆಂಗಳೂರಿಂದ ಬರಬೇಕು ಸಾರ್. ಬರಬೇಕು ಅಂದ್ರೆ ರಿಪೋರ್ಟ್ ಬೇಕು. ಯಾವ ಊರು, ಯಾರ ದನ, ಎಲ್ಲಿಂದ ತಂದದ್ದು, ಯಾವತ್ತು ಸತ್ತದ್ದು, ಎಲ್ಲಾ. ಆ ಊರಿಗೂ ಸುತ್ತ ಇರೋ ಊರುಗಳಿಗೂ ಸೂಜಿ ಹಾಕಬೇಕು. ಅದುವರೆಗೂ ಸಂತೆ ಬಂದ್, ದನ ರೋಡ್ ಮೇಲೆ ಬರಬಾರದು."

"ಹೆಸರಿಲ್ಲದೆ ಆಗಲ್ವಾ?"

"ರೋಗಕ್ಕೆ ಒಂದು ಮನೆ ಬೇಕು ಸಾರ್. ಮನೆ ಇಲ್ಲದೆ ಕಾಗದದ ಮೇಲೆ ಬರಲ್ಲ ಅದು." ಆಮೇಲೆ ಇಕ್ಕಳ ಕೆಳಗಿಟ್ಟು ನನ್ನ ಮುಖ ನೋಡಿದರು. "ನಾಲ್ಕು ದಿನ ತಡ ಆದ್ರೆ ಸೂಜಿ ಹಾಕಿಯೂ ಪ್ರಯೋಜನ ಇಲ್ಲ. ರೋಗ ಒಳಗೆ ಹೋದ ದನಕ್ಕೆ ಸೂಜಿ ಏನೂ ಮಾಡಲ್ಲ. ಅದನ್ನ ಆ ಯಾರದೋ ಕಡಸಿನವರಿಗೆ ಹೇಳಿ, ಪಾವಂ, ಪಾಪ."

ಅವರಿಗೆ ಗೊತ್ತಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ಎದ್ದು ಬಂದೆ.

ಅದೇ ವಾರ ಅಧಿವೇಶನ. ಅಲ್ಲೇ ಹಿಂಬಾಗಿಲಿನಿಂದ ಕೆಲಸ ಮಾಡಿಕೊಳ್ಳಬಹುದು, ಲಸಿಕೆಯೂ ಬರುತ್ತದೆ, ಹೆಸರೂ ಬರುವುದಿಲ್ಲ ಎಂದು ಲೆಕ್ಕ ಹಾಕಿ ರೈಲು ಹತ್ತಿದೆ. ಹೊಸ ವಿಧಾನಸೌಧದ ಉದ್ದುದ್ದ ಮೊಗಸಾಲೆಗಳಲ್ಲಿ ದಾರಿ ತಪ್ಪಿ, ಕೊನೆಗೆ ಇಲಾಖೆಯ ದೊಡ್ಡ ಅಧಿಕಾರಿಯ ಕೋಣೆ ಸಿಕ್ಕಿತು. ಕಾಮಸಮುದ್ರ ಹೋಬಳಿ ಗಡಿಗೆ ಅಂಟಿಕೊಂಡಿದೆ, ಮುನ್ನೆಚ್ಚರಿಕೆಗೆಂದು ಒಂದಿಷ್ಟು ಲಸಿಕೆ ಕೊಡಿಸಿ ಎಂದು ಅರ್ಜಿ ಕೊಟ್ಟೆ. ಅವರು ಮರ್ಯಾದಸ್ಥರು, ಕೂರಿಸಿ ಕಾಫಿ ತರಿಸಿದರು. ತಾಲ್ಲೂಕಿನಿಂದ ಬಂದ ವರದಿ ತೆಗೆದು ತೋರಿಸಿದರು. ದೊಡ್ಡರೋಗದ ಎದುರು 'ಇಲ್ಲ' ಎಂದು ಬರೆದಿತ್ತು.

"ನೀವು ಆ ಊರಿನವರೇ. ರೋಗ ಇದೆ ಅನ್ನಿ, ಇವತ್ತೇ ಕೊಡಿಸುತ್ತೇನೆ. ಇಲ್ಲದಿದ್ದರೆ ಬೇರೆ ಜಿಲ್ಲೆಯಲ್ಲಿ ದನ ಸಾಯುತ್ತಿವೆ, ಅಲ್ಲಿಗೆ ಕಳಿಸಬೇಕು. ಇದೆಯಾ?"

"ಇಲ್ಲ" ಎಂದೆ.

ಅವರು ಅರ್ಜಿಯನ್ನು ಕಡತದ ಅಡಿಗಿಟ್ಟರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ವೇದಿಕೆಯ ಮೇಲೆ ಎಷ್ಟು ಸಲ ಯಾರ್‍ಯಾರಿಗೆ ಹೇಳಿದ್ದೆನೋ. ಆ ಬೇಲಿ ಖಾದಿ ಹಾಕಿಕೊಂಡು ಮೆಟ್ಟಿಲು ಇಳಿದು ಬಂತು.

ಎರಡು ದಿನ ಸದನದಲ್ಲಿ ಕೂತೆ. ಯಾರು ಏನು ಮಾತಾಡಿದರು ಎಂಬುದು ಒಂದೂ ತಲೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾಸಕರು ಉಳಿಯುವ ಕಟ್ಟಡಕ್ಕೆ ಊರಿನ ಪಟೇಲರಿಂದ ಟ್ರಂಕ್ ಕಾಲ್ ಬಂತು. ಕಾಮಸಮುದ್ರದ ಅಂಚೆ ಕಚೇರಿಯಿಂದ ಕೂಗುತ್ತಿದ್ದರು.

"ಊರಾಗೆ ಏಳೆಂಟು ದನ ಮಲಗವೆ ಕಣಪ್ಪಾ. ನಿಮ್ಮಕ್ಕನ ಅಸೂನೂ ಏಳ್ತಾ ಇಲ್ಲ. ಮಾರಮ್ಮ ಬಂದವ್ಳೆ. ನಾಳೆ ಕರುಗಲ್ಲಿಗೆ ನೀರು ಉಯ್ಯೋದು ಅಂತ ತೀರ್ಮಾನ ಆಗ್ಯದೆ. ಸುತ್ತಲ ಐದೂರಿನ ದನಾನೂ ಬತ್ತವೆ. ಮೊದಲ್ನೇ ಬಿಂದಿಗೆ ನೀನೇ ಉಯ್ಯಬೇಕು, ಬಂದ್ಬಿಡು."

ಕರುಗಲ್ಲು ಅಂದರೆ ಊರು ಕಟ್ಟಿದಾಗ ಊರಮುಂದೆ ನೆಟ್ಟ ಕಲ್ಲು. ದನಕ್ಕೆ ಕಾಯಿಲೆ ಬಂದಾಗ ನೂರೊಂದು ಬಿಂದಿಗೆ ನೀರು ಆ ಕಲ್ಲಿನ ಮೇಲೆ ಸುರಿದು, ಆ ನೀರು ಹರಿದ ಕೆಸರಿನ ಮೇಲೆ ಊರ ದನಗಳನ್ನೆಲ್ಲ ಹಾಯಿಸುತ್ತೇವೆ. ಕಾಯಿಲೆಯದು, ಗಟ್ಟಿಯದು ಎಂಬ ಭೇದವಿಲ್ಲ. ಎಲ್ಲ ಒಂದೇ ಕಡೆ ಸೇರಿ, ಮೈಗೆ ಮೈ ಉಜ್ಜಿಕೊಂಡು, ಒಂದರ ಬಾಲಕ್ಕೆ ಇನ್ನೊಂದು ಮೂತಿ ಇಟ್ಟುಕೊಂಡು ಹಾಯಬೇಕು. ನಾನು ನಂಬಿದ ಕಲ್ಲು ಅದು, ಈಗಲೂ ಕೈಮುಗಿಯುತ್ತೇನೆ. ಆದರೆ ಐದೂರಿನ ದನ ಆ ಕೆಸರಿನಲ್ಲಿ ಸೇರಿದರೆ ಹದಿನೈದು ದಿನಕ್ಕೆ ಕಾಮಸಮುದ್ರ ಹೋಬಳಿಯಲ್ಲಿ ಉಳುವುದಕ್ಕೆ ಎತ್ತಿರುವುದಿಲ್ಲ. ಫೋನು ಇಟ್ಟು ನೇರ ವಿಧಾನಸೌಧಕ್ಕೆ ನಡೆದೆ.

ಗ್ರಂಥಾಲಯದ ಒಂದು ಮೂಲೆಯಲ್ಲಿ ಕೂತು, ಸರ್ಕಾರಿ ಮುದ್ರೆಯ ಕಾಗದವನ್ನು ಮೊದಲ ಸಲ ಕೈಗೆ ತೆಗೆದುಕೊಂಡೆ. ಹೆಸರು, ತಂದೆಯ ಹೆಸರು, ಊರು ಬರೆದೆ. ಕಡಸು ಕೊಂಡ ಸಂತೆ, ತಂದ ದಿನ, ಬೇರೆ ಕಟ್ಟದೆ ಮಂದೆಯಲ್ಲಿ ಬಿಟ್ಟದ್ದು, ಸತ್ತ ದಿನಗಳು, ಹೂತ ಜಾಗ ಬರೆದೆ. ಸಂತೆ ಮುಚ್ಚಬೇಕೆಂದು ಕೇಳಿಕೊಂಡೆ. ಕೊನೆಯಲ್ಲಿ, ಇದೆಲ್ಲ ನನಗೆ ಮೊದಲಿನಿಂದ ಗೊತ್ತಿತ್ತು, ಮುಚ್ಚಿಟ್ಟಿದ್ದೆ ಎಂದು ಬರೆದು ಸಹಿ ಹಾಕಿದೆ. ಅಧಿಕಾರಿ ಅದನ್ನು ಎರಡು ಸಲ ಓದಿದರು.

"ಕೊನೆಯ ಸಾಲು ಬೇಕಾಗಿಲ್ಲ. ಅದಿಲ್ಲದೆಯೂ ಲಸಿಕೆ ಸಿಗುತ್ತದೆ."

"ಇರಲಿ ಸಾರ್" ಎಂದೆ. ಹೊಡೆದು ಹಾಕಿದರೆ ಊರಿಗೆ ಹೋಗಿ ಮತ್ತೆ ಹಾವಿನ ಕಥೆ ಹೇಳುತ್ತೇನೆಂದು ನನಗೇ ಭಯವಿತ್ತು.

ಮಧ್ಯಾಹ್ನದ ಹೊತ್ತಿಗೆ ಎರಡು ದೊಡ್ಡ ಥರ್ಮಾಸು ಫ್ಲಾಸ್ಕುಗಳು ನನ್ನ ಕೈಗೆ ಬಂದವು. ಒಳಗೆ ಐಸು, ಐಸಿನ ನಡುವೆ ಬೆರಳುದ್ದದ ಗಾಜಿನ ಕೊಳವೆಗಳಲ್ಲಿ ಒಣಗಿಸಿದ ಲಸಿಕೆ. ಐಸು ಕರಗಿದರೆ ಮದ್ದು ಕೆಟ್ಟಿತು ಎಂದು ನೂರು ಸಲ ಹೇಳಿದ್ದರು. ಡಾಕ್ಟರಿಗೆ ತಂತಿ ಕೊಟ್ಟು ರೈಲು ಹತ್ತಿದೆ. ರೈಲು ಬಂಗಾರಪೇಟೆಗೆ ಇನ್ನೊಂದೇ ನಿಲ್ದಾಣ ಎನ್ನುವಾಗ ಬಯಲಿನಲ್ಲಿ ನಿಂತುಬಿಟ್ಟಿತು. ಮುಕ್ಕಾಲು ಗಂಟೆ. ಬಿಸಿಲಿಗೆ ಡಬ್ಬಿಯ ತಗಡು ಸುಡುತ್ತಿತ್ತು. ನಾನು ಪಂಚೆ ಬಿಚ್ಚಿ ಫ್ಲಾಸ್ಕುಗಳಿಗೆ ಸುತ್ತಿ, ಕುಡಿಯುವ ನೀರೆಲ್ಲ ಅದಕ್ಕೇ ಹಾಕಿ, ಚಡ್ಡಿಯಲ್ಲಿ ಕೂತಿದ್ದೆ. ಎದುರಿಗಿದ್ದ ಹೆಂಗಸರು ಮುಖ ತಿರುಗಿಸಿಕೊಂಡರು. ಎಂ.ಎಲ್.ಎ. ಎಂದು ಹೇಳಿಕೊಳ್ಳಲು ಅದು ಸಮಯವಾಗಿರಲಿಲ್ಲ.

ಡಾಕ್ಟರು ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದರು. ಗಣಿಯ ಊರಿನಿಂದ ಒಂದು ಐಸುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಗೋಣಿಚೀಲದಲ್ಲಿ ಕಟ್ಟಿ, ಮಾರಿಕುಪ್ಪಂ ರೈಲಿನಲ್ಲಿ ತಂದಿದ್ದರು. ಫ್ಲಾಸ್ಕಿನೊಳಗೆ ಬೆರಳು ಇಳಿಸಿ ನೋಡಿ, "ಇರುಕ್ಕು ಸಾರ್, ಇನ್ನೂ ತಣ್ಣಗಿದೆ" ಎಂದರು. ಅಷ್ಟು ಸಿಹಿಯಾದ ಮಾತು ನಾನು ಸದನದಲ್ಲೂ ಕೇಳಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಇಳಿದೆವು. ಕಲ್ಲಿನ ಹತ್ತಿರ ಆಗಲೇ ಜನ. ತಮಟೆಯವರು ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ನಮ್ಮೂರಿನ ದನಗಳನ್ನು ಇನ್ನೂ ಬಿಚ್ಚಿರಲಿಲ್ಲ, ಹೊರಗಿನವು ದಾರಿಯಲ್ಲಿದ್ದವು. ಪಟೇಲರು ನನ್ನ ಕೈಗೆ ತುಂಬಿದ ಬಿಂದಿಗೆ ಕೊಟ್ಟರು. ನಾನು ಅದನ್ನು ಕೆಳಗಿಟ್ಟೆ.

"ಪಟೇಲ್ರೇ, ದನ ಬಿಚ್ಚೋದು ಬ್ಯಾಡ. ಇದು ದೊಡ್ಡರೋಗ. ನಾನು ತಂದ ಕಡಸಿಂದ ಬಂತು. ಹಾವು ಕಚ್ಚಿದ್ದಲ್ಲ ಅವು. ನಂಗೆ ಮೊದ್ಲೇ ಗೊತ್ತಿತ್ತು. ಸಂತೆ ಮುಚ್ಚಿಸ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ನಾನೇ ಬರೆದುಕೊಟ್ಟು ಮುಚ್ಚಿಸಿ ಬಂದಿದೀನಿ."

ಪಟೇಲರೇ ಮೊದಲು ಬಾಯಿ ತೆರೆದದ್ದು.

"ಸಂತೆ ಮುಚ್ಚಲ್ಲ ಅಂತ ಓಟು ಇಸ್ಕೊಂಡೋನು ನೀನೇ ಅಲ್ವೇನಪ್ಪಾ?"

"ನಾನೇ."

ಹಿಂದಿನಿಂದ ಯಾರೋ, "ಥೂ, ನಿನ್ನ ಜನ್ಮಕ್ಕಿಷ್ಟು" ಎಂದರು. ಒಬ್ಬ ರೈತ, ಅವನ ಜೋಡೆತ್ತಿನಲ್ಲಿ ಒಂದು ಬಿದ್ದಿತ್ತು, ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಡಾಕ್ಟರು ನಡುವೆ ಬಂದರು. ಅವನು ಬಿಟ್ಟ, ಆದರೆ ಅವನು ಅಳುತ್ತಿದ್ದ. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ತಲೆ ಬಾಚಿರಲಿಲ್ಲ. ಹಸುವಿನ ಹತ್ತಿರವೇ ಕೂತಿದ್ದಿರಬೇಕು, ಸೀರೆಗೆಲ್ಲ ಗಂಜಲ ಹತ್ತಿತ್ತು.

"ಅವತ್ತು ನಾನು ಬಂದು ಕೇಳಿದ್ನಲ್ಲಾ, ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಕ್ಕಾ."

"ಧೂಳು ಅಂದೆ."

"ಊಂ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬಂದ ದಾರಿಯಲ್ಲೇ ಹೊರಟುಹೋದಳು.

ಡಾಕ್ಟರು ಜನಕ್ಕೆ ವಿವರಿಸತೊಡಗಿದರು. ಬಿದ್ದ ದನಕ್ಕೆ ಸೂಜಿ ಇಲ್ಲ, ನಿಂತ ದನಕ್ಕೆ ಮಾತ್ರ. ಹಾಕಿದ ಮೇಲೆ ಮೂರನೇ ದಿನ ಜ್ವರ ಬರುತ್ತದೆ, ಹಾಲು ಇಳಿಯುತ್ತದೆ, ಹೆದರಬೇಡಿ. ಮದ್ದು ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಯಾರೂ ಅಲುಗಾಡಲಿಲ್ಲ. ಕಲ್ಲಿಗೆ ನೀರು ಹಾಕದೆ ಸೂಜಿ ಹಾಕಿಸಿದರೆ ಮಾರಮ್ಮ ಸುಮ್ಮನಿರುತ್ತಾಳಾ ಎಂದು ಹೆಂಗಸರು ಗೊಣಗಿದರು. ದನ ಸೇರಿಸಬೇಡಿ ಎಂದು ನಾನು ಬೇಡಿಕೊಂಡೆ. ನನ್ನ ಮಾತಿಗೆ ಆಗ ಚಿಕ್ಕಾಸಿನ ಬೆಲೆಯಿರಲಿಲ್ಲ. ಐಸು ಕರಗುತ್ತಿತ್ತು. ಕೆರೆ ಏರಿಯ ಮೇಲೆ ಪಕ್ಕದೂರಿನ ದನಗಳ ಧೂಳು ಕಾಣಿಸತೊಡಗಿತು.

ಪಟೇಲರು ಕಲ್ಲಿನ ಹತ್ತಿರ ಹೋಗಿ ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿದರು.

"ಕಲ್ಲು ಎದ್ದು ಮನೆಮನೆಗೆ ಬರಕ್ಕಾಗಲ್ಲ. ನೀರು ಬತ್ತದೆ. ಉಯ್ಯಿರಿ, ಉಯ್ದಿದ್ದನ್ನ ಕೆಳಗೆ ಕೊಳಗ ಇಟ್ಟು ಇಡೀರಿ. ಅವರವರ ಬಾಗ್ಲಾಗೆ ಆ ನೀರು ಚೆಲ್ಲಿ, ಅವರವರ ದನ ಅಲ್ಲೇ ದಾಟ್ಲಿ. ಡಾಕ್ಟ್ರು ಅಲ್ಲಿಗೇ ಬತ್ತಾರೆ. ಏರಿ ಮೇಲೆ ಬತ್ತಾ ಇರೋ ದನ ತಿರುಗ್ಸಿ, ನೀರು ಅವರ ಊರಿಗೇ ಕಳಿಸ್ತೀವಿ ಅಂತ ಏಳಿ. ಎಮ್ಮೆಲ್ಲೆನೇ ಓಗಿ ಏಳ್ಲಿ. ಬೈಸ್ಕೊಂಡು ಬರ್ಲಿ."

ನಾನು ಓಡಿದೆ. ಬೈಸಿಕೊಂಡೇ ತಿರುಗಿಸಿದೆ.

ವಾಪಸು ಬಂದಾಗ ಮೊದಲ ಬೀದಿಯಲ್ಲಿ ಯಾವ ಬಾಗಿಲಿನಲ್ಲೂ ದನ ಇರಲಿಲ್ಲ. ನೀರು ಚೆಲ್ಲಿದ್ದರು, ಮೊದಲು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನ್ನ ಕೊಟ್ಟಿಗೆಯ ದನಕ್ಕೆ ಮೊದಲು ಹಾಕಿ ತೋರಿಸೋಣವೆಂದರೆ, ರೋಗದ ಮನೆಗೆ ಹೋದ ಸೂಜಿ ನಮಗೆ ಬೇಡ ಎಂದರು. ಆಗ ಕೊನೆಯ ಮನೆಯ ಬಾಗಿಲು ತೆರೆಯಿತು. ಅಕ್ಕ ಹೆಣ್ಣುಕರುವಿನ ಹಗ್ಗ ಹಿಡಿದು ಬಂದಳು. ಕೆಂಪಿ ಮೇವು ಬಿಟ್ಟ ದಿನವೇ ಕರುವನ್ನು ಕೊಟ್ಟಿಗೆಯಿಂದ ಬಿಚ್ಚಿ, ಮನೆಯ ನಡುಮನೆಯಲ್ಲಿ ಕಟ್ಟಿ, ಬೇರೆ ಮಡಕೆಯಲ್ಲಿ ನೀರು ಕುಡಿಸಿದ್ದಳಂತೆ. ನಮ್ಮಪ್ಪನ ಕ್ರಮ. ಮಗ ಬಿಟ್ಟದ್ದನ್ನು ಮಗಳು ಇಟ್ಟುಕೊಂಡಿದ್ದಳು.

ಕರು ನೀರು ದಾಟಿತು. ಡಾಕ್ಟರು ಕೊಳವೆಯ ಕತ್ತು ಮುರಿದು, ತಣ್ಣನೆಯ ಉಪ್ಪುನೀರಿನಲ್ಲಿ ಮದ್ದು ಕರಗಿಸಿ, ಕುತ್ತಿಗೆಯ ಚರ್ಮ ಎತ್ತಿ ಸೂಜಿ ಇಳಿಸಿದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ನಾನು ಹಗ್ಗ ಹಿಡಿಯಲು ಕೈ ಚಾಚಿದೆ. ಅಕ್ಕ ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಆಮೇಲೆ ಬೀದಿಯಲ್ಲಿ ದನಗಳು ಬಾಗಿಲಿಗೆ ಬಂದವು. ಮೂರು ದಿನದಲ್ಲಿ ಆರೂರು ಮುಗಿಸಿದೆವು. ನಾಲ್ಕನೆಯ ದಿನ ಸೂಜಿ ಹಾಕಿದ ದನಗಳಿಗೆ ಜ್ವರ ಏರಿ, ಮೇವು ಬಿಟ್ಟವು. ಹಾಲು ಇಲ್ಲ, ಲೈನುಗಳಿಗೆ ಕ್ಯಾನು ಹೋಗಲಿಲ್ಲ. ಇವನೇ ಸೂಜಿಯಲ್ಲಿ ರೋಗ ತಂದ ಎಂದು ಸುದ್ದಿ ಹಬ್ಬಿತು. ಡಾಕ್ಟರು ಮನೆಮನೆಗೆ ಹೋಗಿ ದನದ ಬಾಲದಡಿ ಥರ್ಮಾಮೀಟರು ಇಟ್ಟು, ಗೋಡೆಯ ಮೇಲೆ ಗೆರೆಯ ಪಕ್ಕ ಜ್ವರ ಬರೆಯುತ್ತಿದ್ದರು. ನಾನು ಹಿಂದೆ ಹಿಂದೆ ಸೀಮೆಸುಣ್ಣ ಹಿಡಿದು ನಡೆದೆ. ಯಾವ ಬಾಯಲ್ಲಿ ಬಿಳಿ ಹುಣ್ಣು ಕಾಣುತ್ತದೋ ಎಂದು ಪ್ರತಿ ಬಾಗಿಲಿನಲ್ಲೂ ಬಗ್ಗಿ ನೋಡುತ್ತಿದ್ದೆ. ಏಳನೆಯ ದಿನ ಜ್ವರದ ಅಂಕಿ ಇಳಿಯಿತು. ಎಂಟನೆಯ ದಿನ ದನಗಳು ಮೆಲುಕು ಹಾಕಿದವು. ಕೆಲವು ಹೋದವು, ಮೊದಲೇ ರೋಗ ಒಳಹೊಕ್ಕವು. ನನ್ನ ಮಂದೆಯಲ್ಲಿ ಅರ್ಧ ಹೋಯಿತು. ಕೆಂಪಿ, ಕರುಗಲ್ಲಿಗೆ ನೀರು ಹಾಕಿದ ದಿನ ಸಂಜೆಯೇ ಸತ್ತಿತ್ತು. ಹೋಬಳಿ ಉಳಿಯಿತು.

ಸಂತೆ ಮತ್ತೆ ತೆರೆದ ದಿನ ನನ್ನ ಕೊರಳಪಟ್ಟಿ ಹಿಡಿದಿದ್ದ ರೈತನೇ ಬಂದು ಬೀಡಿ ಕೊಟ್ಟ. ಜನ ದೊಡ್ಡವರು, ಮರೆತರು. ವರ್ಷ ಕಳೆದಂತೆ ನನ್ನ ತಪ್ಪೇ ನನ್ನ ಹೆಗ್ಗಳಿಕೆಯಾಯಿತು. ತನ್ನ ಕೊಟ್ಟಿಗೆಯ ಮೇಲೆ ತಾನೇ ವರದಿ ಕೊಟ್ಟ ಮನುಷ್ಯ ಎಂದು ವೇದಿಕೆಗಳಲ್ಲಿ ಹೇಳಿದರು. ನಾನು ಬೇಡ ಎನ್ನಲಿಲ್ಲ, ಅದೂ ನಿಜವೇ.

ಅಕ್ಕನ ಆ ಕರು ಬೆಳೆದು ಹಸುವಾಗಿ ಮೊದಲ ಕರು ಹಾಕಿತು. ನನ್ನ ಹೆಂಡತಿ ಚೊಂಬು ತೊಳೆದಿಟ್ಟು ಕಾದಳು. ಅಕ್ಕ ಹುತ್ತಕ್ಕೆ ಎರೆದಳು. ಬೀದಿಯ ಮನೆಮನೆಗೂ ಗಿಣ್ಣು ಹೋಯಿತು, ಪಟೇಲರ ಮನೆಗೂ, ಬಂಗಾರಪೇಟೆಗೆ ಡಾಕ್ಟರಿಗೂ. ನಮ್ಮ ಬಾಗಿಲನ್ನು ದಾಟಿಕೊಂಡೇ ಹೋಯಿತು.

ಮುಂದಿನ ಚುನಾವಣೆಯ ದಿನ ಶಾಲೆಯ ಹತ್ತಿರ ಕೈಮುಗಿದುಕೊಂಡು ನಿಂತಿದ್ದೆ. ಅಕ್ಕ ಓಟು ಹಾಕಿ ಹೊರಗೆ ಬಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನೆದುರು ನಿಂತಳು. ಬೆರಳಿನ ಶಾಯಿ ತೋರಿಸಿದಳು.

"ನಿಂಗೇ ಆಕಿದೀನಿ ಕಣ್ಲಾ. ಊರಿಗೆ ನೀನು ಬೇಕು."

"ಅಕ್ಕಾ…" ಎಂದೆ.

"ಊರಿಗೆ" ಎಂದಳು. "ಗಿಣ್ಣು ಮಾತ್ರ ಕೇಳ್ಬ್ಯಾಡ."

ಸೆರಗು ಹೊದ್ದುಕೊಂಡು ಬಸ್ಸಿಗೆ ಹೊರಟಳು, ಹಾಲಿನ ಕ್ಯಾನು ಬೇಲಿಯ ಪಕ್ಕದಲ್ಲೇ ಇಟ್ಟಿದ್ದಳು. ಆ ಸಲ ನಾನು ಹಿಂದಿನದಕ್ಕಿಂತ ಚೆನ್ನಾಗಿ ಗೆದ್ದೆ. ಹಾರ ಹಾಕಿಸಿಕೊಂಡು ಊರಿಗೆ ಬಂದಾಗ, ಬೀದಿಯ ಕೊನೆಯ ಮನೆಯ ಬಾಗಿಲು ಹಾಕಿತ್ತು.